ಮೊದಲು ಪ್ರಾಸ ಕೇಳಿಸಿಕೋ, ವಸ್ತು ಆಮೇಲೆ

ಶಿವಮೊಗ್ಗ

ಚಿ. ಸಹನಾಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಸಿನಾಪ್ಸಿಸ್ ಓದಿದೆ. ‘ಸಮಕಾಲೀನ ಬ್ರಿಟಿಷ್ ಕಾವ್ಯದಲ್ಲಿ ಅಸ್ಮಿತೆ, ನೆನಪು ಮತ್ತು ಹಿಂಸೆ’ ಅಂತ ಶೀರ್ಷಿಕೆ, ಅದರ ಕೆಳಗೆ ಹದಿನೇಳು ಕವಿಗಳ ಪಟ್ಟಿ. ಇದು ಹನುಮಂತನ ಬಾಲ ಕಣೇ. ಎಂ.ಎ. ಪ್ರಬಂಧಕ್ಕೆ ಮೂವರು ಕವಿಗಳು, ಒಬ್ಬೊಬ್ಬರದು ಮೂರು ನಾಲ್ಕು ಕವಿತೆ, ಅಷ್ಟು ಧಾರಾಳವಾಯಿತು. ಹದಿನೇಳು ಜನರನ್ನು ಇಟ್ಟುಕೊಂಡರೆ ಒಬ್ಬೊಬ್ಬರಿಗೆ ಎರಡು ಪುಟ ಸಿಗುತ್ತದೆ. ಎರಡು ಪುಟದಲ್ಲಿ ‘ಈ ಕವಿ ಅಸ್ಮಿತೆಯ ಬಗ್ಗೆ ಬರೆಯುತ್ತಾರೆ’ ಅನ್ನುವುದರ ಆಚೆ ನೀನು ಹೋಗಲಾರೆ. ಆ ವಾಕ್ಯ ಯಾವ ಕವಿಗಾದರೂ ಹೊಂದುತ್ತದೆ, ಹಾಗಾಗಿ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಪಟ್ಟಿಯ ಮೊದಲ ಹೆಸರೇ ಐರಿಶ್ ಕವಿ ಶೇಮಸ್ ಹೀನಿ, ಅದೂ ‘ಬ್ರಿಟಿಷ್’ ಎಂಬ ತಲೆಬರಹದ ಕೆಳಗೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. 1982ರಲ್ಲಿ ಬ್ಲೇಕ್ ಮಾರಿಸನ್ ಮತ್ತು ಆಂಡ್ರ್ಯೂ ಮೋಷನ್ ಸಂಪಾದಿಸಿದ ಪೆಂಗ್ವಿನ್ ಸಂಕಲನ ಸಮಕಾಲೀನ ಬ್ರಿಟಿಷ್ ಕಾವ್ಯದ ಹೆಸರಿನಲ್ಲೇ ಹೀನಿಯನ್ನು ಮುಂದಿಟ್ಟಿತ್ತು. ಮರುವರ್ಷ ಅವರು ಪದ್ಯದಲ್ಲೇ ಒಂದು ಬಹಿರಂಗ ಪತ್ರ ಬರೆದು, ತನ್ನ ಪಾಸ್‌ಪೋರ್ಟ್ ಹಸಿರು ಬಣ್ಣದ್ದು (ಅಂದರೆ ಐರ್ಲೆಂಡಿನದು), ಆ ವಿಶೇಷಣ ತನಗೆ ಬೇಡ ಅಂದರು. ಹುಟ್ಟಿದ್ದು 1939ರಲ್ಲಿ, ಬ್ರಿಟನ್ನಿನ ಆಡಳಿತದಲ್ಲಿದ್ದ ಉತ್ತರ ಐರ್ಲೆಂಡಿನ ಡೆರಿ ಕೌಂಟಿಯಲ್ಲಿ, ಕ್ಯಾಥೊಲಿಕ್ ರೈತ ಕುಟುಂಬದಲ್ಲಿ. 1972ರಲ್ಲಿ ಬೆಲ್‌ಫಾಸ್ಟ್ ಬಿಟ್ಟು ಗಡಿಯಾಚೆ ಐರ್ಲೆಂಡ್ ಗಣರಾಜ್ಯದ ವಿಕ್ಲೋಗೆ ಹೋದರು. ಅದೇ 1939ರಲ್ಲಿ ಹುಟ್ಟಿದ ಕವಿ ಮೈಕಲ್ ಲಾಂಗ್ಲಿಯ ಅಪ್ಪ ಅಮ್ಮ ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಬಂದವರು. ಲಾಂಗ್ಲಿಗೆ ಎರಡೂ ಕಡೆಯ ನಂಟು. ಒಂದೇ ಊರಿನಲ್ಲಿ ಬರೆಯುತ್ತಿದ್ದ ಇಬ್ಬರು ಗೆಳೆಯರಿಗೆ ಒಂದೇ ಹಣೆಪಟ್ಟಿ ಕೂಡುವುದಿಲ್ಲ. ಶೀರ್ಷಿಕೆಯಲ್ಲಿ ‘ಬ್ರಿಟಿಷ್ ಮತ್ತು ಐರಿಶ್’ ಎಂದು ಬರೆ, ಪೀಠಿಕೆಯಲ್ಲಿ ಅದರ ಕಾರಣವನ್ನು ನಾಲ್ಕು ಸಾಲಿನಲ್ಲಿ ಹೇಳು. ಸಾಕು.

ಇನ್ನು ಓದುವ ಕ್ರಮಕ್ಕೆ ಬರುತ್ತೇನೆ. ನೀನು ವಸ್ತುವಿನಿಂದ ಶುರು ಮಾಡಿದ್ದೀಯ: ಹಿಂಸೆ, ವಲಸೆ, ಹೆಣ್ಣು. ಹಾಗೆ ಹೊರಟರೆ ಕವಿತೆ ಬರೀ ಉದಾಹರಣೆಯಾಗಿಬಿಡುತ್ತದೆ. ಈ ಕವಿಗಳಲ್ಲಿ ವಸ್ತು ಕೂತಿರುವುದು ಸಾಲು ಮುರಿಯುವ ಜಾಗದಲ್ಲಿ, ಪ್ರಾಸದಲ್ಲಿ, ಒಂದು ಬೀದಿಯ ಹೆಸರಿನಲ್ಲಿ. ಹಾಗಾಗಿ ಕಿವಿಯಿಂದ ಶುರು ಮಾಡು.

ಮೊದಲು ಕವಿಯ ದನಿಯಲ್ಲೇ ಕೇಳು. ಪೊಯೆಟ್ರಿ ಆರ್ಕೈವ್ ಅನ್ನುವ ತಾಣದಲ್ಲಿ ಕವಿಗಳು ತಮ್ಮ ಕವಿತೆಗಳನ್ನು ತಾವೇ ಓದಿದ್ದು ಪುಕ್ಕಟೆಯಾಗಿ ಸಿಗುತ್ತದೆ. ಪುಸ್ತಕ ಮುಚ್ಚಿಟ್ಟು ಒಂದು ಸಲ, ತೆರೆದಿಟ್ಟು ಎರಡು ಸಲ ಕೇಳು. ಆಮೇಲೆ ಕವಿತೆಯನ್ನು ಕೈಯಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೋ, ಸಾಲಿನ ನಡುವೆ ಒಂದೊಂದು ಗೆರೆ ಖಾಲಿ ಬಿಟ್ಟು. ಒತ್ತು ಬೀಳುವ ಕಡೆ ಪೆನ್ಸಿಲ್ ಗುರುತು ಹಾಕು. ನಮ್ಮ ಮಕ್ಕಳು ಎಡವುವುದು ಇಲ್ಲೇ. ನಮ್ಮದು ಮಾತ್ರೆ ಎಣಿಸುವ ಕಿವಿ. ಲಘುವಿಗೆ ಒಂದು, ಗುರುವಿಗೆ ಎರಡು. ಇಂಗ್ಲಿಷ್ ಪದ್ಯ ಎಣಿಸುವುದು ಒತ್ತನ್ನು. ಪ್ರತಿ ಅಕ್ಷರಕ್ಕೂ ಸಮ ತೂಕ ಕೊಟ್ಟು ನಾವು ಓದಿದಾಗ ಲಯ ಮಾಯವಾಗುತ್ತದೆ, ಆಮೇಲೆ ‘ಇದು ಮುಕ್ತಛಂದ’ ಅಂತ ಧೈರ್ಯವಾಗಿ ಬರೆದುಬಿಡುತ್ತೇವೆ. ಹೀನಿ, ಲಾಂಗ್ಲಿ, ಮಲ್ಡೂನ್, ಡಫಿ ಬರೆದದ್ದರಲ್ಲಿ ಅರ್ಧದಷ್ಟನ್ನಾದರೂ ವಿದ್ಯಾರ್ಥಿಗಳು ಹೀಗೆ ಮುಕ್ತಛಂದವೆಂದು ತಪ್ಪು ತಿಳಿಯುತ್ತಾರೆ.

ಆದರೆ ಒಂದು ವಿಷಯದಲ್ಲಿ ಕನ್ನಡದ ಕಿವಿ ನಿನಗೆ ಲಾಭವೇ. ಷಟ್ಪದಿಯ ಆದಿಪ್ರಾಸ ನೆನಪು ಮಾಡಿಕೋ: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ವ್ಯಂಜನ ಒಂದೇ ಇರಬೇಕು, ಅದರ ಮೇಲಿನ ಸ್ವರ ಯಾವುದಾದರೂ ಆದೀತು. ಇಂಗ್ಲಿಷಿನ ಅರೆಪ್ರಾಸದ ಗುಟ್ಟೂ ಅದೇ, ಜಾಗ ಮಾತ್ರ ಸಾಲಿನ ಕೊನೆ. ಪಾಲ್ ಮಲ್ಡೂನ್ ಇದರಲ್ಲಿ ನಿಸ್ಸೀಮರು. 1951ರಲ್ಲಿ ಆರ್ಮಾ ಕೌಂಟಿಯಲ್ಲಿ ಹುಟ್ಟಿದವರು, ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಹೀನಿಯ ಶಿಷ್ಯರು. 1980ರ ಸಂಕಲನದ ಶೀರ್ಷಿಕೆ ಕವಿತೆ ‘ವೈ ಬ್ರೌನ್ಲಿ ಲೆಫ್ಟ್’ ತೆಗೆದುಕೋ. ಹದಿನಾಲ್ಕು ಸಾಲಿನ ಸಾನೆಟ್, ಎಂಟು ಮತ್ತು ಆರು. ಬ್ರೌನ್ಲಿ ಎಂಬ ರೈತ. ಎರಡು ಎಕರೆ ಬಾರ್ಲಿ, ಒಂದು ಎಕರೆ ಆಲೂಗಡ್ಡೆ, ನಾಲ್ಕು ಹೋರಿ, ಒಂದು ಕರೆಯುವ ಹಸು, ಕಲ್ಲುಚಪ್ಪಡಿ ಹೊದಿಸಿದ ಮನೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಉಳಲು ಹೋದವನು ಕಾಣೆ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅವನದೇ ಮಾತು. ಕೊನೆಯ ಸಾಲು ಉಳದೆ ಉಳಿದಿದೆ, ಜೋಡಿ ಕಪ್ಪು ಕುದುರೆಗಳು ಕಾಲು ಬದಲಿಸುತ್ತಾ ನಿಂತಿವೆ.

ಈಗ ಸಾಲಿನ ಕೊನೆಗಳನ್ನು ಮಾತ್ರ ಬೇರೆ ಬರೆದುಕೋ. ಮೊದಲ ಎಂಟು ಸಾಲಿನಲ್ಲಿ ‘ವೆಂಟ್’–‘ಕಂಟೆಂಟ್’, ‘ನೌ’–‘ಪ್ಲೌ’, ಪೂರ್ತಿ ಪ್ರಾಸ. ‘ಬಾರ್ಲಿ’–‘ಅರ್ಲಿ’ಯಲ್ಲಿ ಆಗಲೇ ಸ್ವರ ಸ್ವಲ್ಪ ಜಾರಿದೆ. ‘ಬುಲಕ್ಸ್’ ಮತ್ತು ‘ಫಾರ್ಮ್‌ಹೌಸ್’ ಎರಡಕ್ಕೂ ಅಲ್ಲಿ ಜೋಡಿಯೇ ಇಲ್ಲ, ಅವು ಕಾಯುತ್ತಿವೆ. ಬ್ರೌನ್ಲಿ ಕಾಣೆಯಾದ ಮೇಲಿನ ಆರು ಸಾಲಿನಲ್ಲಿ ಜೋಡಿ ಸಿಗುತ್ತದೆ: ‘ಫಾರ್ಮ್‌ಹೌಸ್’ಗೆ ‘ಫೇಮಸ್’, ‘ಬುಲಕ್ಸ್’ಗೆ ‘ಬ್ಲ್ಯಾಕ್’. ಕೊನೆಯಲ್ಲಿ ‘ಫುಟ್ ಟು’ವಿಗೆ ‘ಫ್ಯೂಚರ್’. ವ್ಯಂಜನಗಳು ನಿಂತಲ್ಲೇ ನಿಂತಿವೆ, ಸ್ವರ ಜಾಗ ಖಾಲಿ ಮಾಡಿದೆ. ಹೊಲ, ಮನೆ, ಕುದುರೆ ಇದ್ದಲ್ಲೇ ಇವೆ, ಮನುಷ್ಯ ಇಲ್ಲ. ಪ್ರಬಂಧದಲ್ಲಿ ಇಷ್ಟನ್ನು ನೀನೇ ಕಂಡುಕೊಂಡು ಒಂದು ಪುಟ ಬರೆದರೆ, ‘ಅಸ್ತಿತ್ವದ ಅನಿಶ್ಚಿತತೆ’ ಎಂದು ಹತ್ತು ಪುಟ ಬರೆಯುವುದಕ್ಕಿಂತ ಮೇಲು. ಅವನು ಯಾಕೆ ಹೋದ ಎಂದು ಕವಿತೆ ಹೇಳುವುದಿಲ್ಲ. ಗೈಡುಗಳು ‘ಇದು ವಲಸೆಯ ಕವಿತೆ’ ಎಂದು ತೀರ್ಪು ಕೊಡುತ್ತವೆ. ಅದೊಂದು ಊಹೆ ಅಷ್ಟೇ, ಊಹೆ ಎಂದೇ ಬರೆ.

ಉತ್ತರ ಐರ್ಲೆಂಡಿನವರನ್ನು ಓದಲು ಚರಿತ್ರೆ ಬೇಕೇ ಬೇಕು, ಆದರೆ ಒಂದು ಹಾಳೆಯಷ್ಟು ಸಾಕು. 1960ರ ದಶಕದ ಕೊನೆಯಿಂದ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದವರೆಗೆ ನಡೆದ, ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರಬೇಕೋ ಐರ್ಲೆಂಡಿಗೆ ಸೇರಬೇಕೋ ಎಂಬುದರ ಮೇಲಿನ, ಸುಮಾರು 3,500 ಜನ ಸತ್ತ ಸಂಘರ್ಷವನ್ನು ಅಲ್ಲಿನವರು ‘ಟ್ರಬಲ್ಸ್’ ಅನ್ನುತ್ತಾರೆ. ತಾರೀಖುಗಳ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೋ, ಪ್ರತಿ ಕವಿತೆ ಪ್ರಕಟವಾದ ವರ್ಷವನ್ನು ಪಕ್ಕದಲ್ಲಿ ಬರೆ. ಆಗ ಎರಡು ಬಗೆಯ ತಪ್ಪು ತಪ್ಪುತ್ತದೆ: 1966ರ ಹೀನಿಯಲ್ಲಿ ಬಾಂಬು ಹುಡುಕುವುದು, 1975ರ ಹೀನಿಯಲ್ಲಿ ಬರೀ ಆಲೂಗಡ್ಡೆ ಹುಡುಕುವುದು.

ತಾರೀಖು ಹೇಗೆ ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಲಾಂಗ್ಲಿಯ ‘ಸೀಸ್‌ಫೈರ್’ ನೋಡು. 1994ರ ಆಗಸ್ಟ್ 31ರಂದು, ಬ್ರಿಟಿಷ್ ಆಡಳಿತದ ವಿರುದ್ಧ ಶಸ್ತ್ರ ಹಿಡಿದಿದ್ದ ಸಂಘಟನೆ ಐಆರ್‌ಎ ಕದನವಿರಾಮ ಘೋಷಿಸಿತು. ಅದೇ ವಾರ ‘ದಿ ಐರಿಶ್ ಟೈಮ್ಸ್’ನಲ್ಲಿ ಈ ಸಾನೆಟ್ ಬಂತು. ಅದರಲ್ಲಿ ಬೆಲ್‌ಫಾಸ್ಟಿನ ಹೆಸರೇ ಇಲ್ಲ. ಇರುವುದು ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್‌ನ 24ನೇ ಪರ್ವ: ಮಗ ಹೆಕ್ಟರನ ಹೆಣ ಕೇಳಲು ಮುದಿ ರಾಜ ಪ್ರಿಯಾಮ್, ಮಗನನ್ನು ಕೊಂದ ಅಕಿಲೀಸನ ಡೇರೆಗೆ ಬರುತ್ತಾನೆ. ನಾಲ್ಕು, ನಾಲ್ಕು, ನಾಲ್ಕು, ಎರಡು ಸಾಲಿನ ನಾಲ್ಕು ಭಾಗ. ಹೋಮರನಲ್ಲಿ ಪ್ರಿಯಾಮ್ ಬಂದವನೇ ಮೊದಲು ಅಕಿಲೀಸನ ಕೈಗೆ ಮುತ್ತಿಡುತ್ತಾನೆ. ಅಳು, ಹೆಣ ತೊಳೆಸುವುದು, ಒಟ್ಟಿಗೆ ಊಟ ಎಲ್ಲ ಆಮೇಲೆ. ಲಾಂಗ್ಲಿ ಆ ಮುತ್ತನ್ನು ಕಿತ್ತು ಕೊನೆಯ ದ್ವಿಪದಿಗೆ ಒಯ್ದಿದ್ದಾರೆ, ಅದೂ ಪ್ರಿಯಾಮನ ಬಾಯಲ್ಲೇ, ಪೂರ್ತಿ ಪ್ರಾಸದಲ್ಲಿ. ಹೀಗಾಗಿ ಊಟ, ಸಮಾಧಾನ ಎಲ್ಲ ಓದಿ ಮುಗಿಸಿದ ಮೇಲೆ ಅದಕ್ಕೆ ತೆತ್ತ ಬೆಲೆ ನಮ್ಮ ಮುಂದೆ ಬರುತ್ತದೆ. ಹೆಣಕ್ಕೆ ತೊಡಿಸಿದ್ದು ‘ಯೂನಿಫಾರ್ಮ್’ ಅನ್ನುವುದನ್ನೂ ಗಮನಿಸು, ಹೋಮರನ ಕಾಲದ ಮಾತಲ್ಲ ಅದು. ‘ಶಾಂತಿಯ ಸಂದೇಶ ಸಾರುವ ಕವಿತೆ’ ಎಂದು ಬರೆದೆಯೋ, ಕೊನೆಯ ಎರಡು ಸಾಲನ್ನು ಓದೇ ಇಲ್ಲ ಎಂದ ಹಾಗೆ.

ಹೀನಿಯ 1975ರ ‘ನಾರ್ತ್’ ಸಂಕಲನ ಕಷ್ಟದ್ದು, ಅದಕ್ಕೇ ಸ್ವಾರಸ್ಯದ್ದು. ಉತ್ತರ ಯುರೋಪಿನ ಜವುಗು ನೆಲದಲ್ಲಿ ಸಾವಿರಾರು ವರ್ಷ ಕೊಳೆಯದೆ ಉಳಿದ ಹೆಣಗಳ ಬಗ್ಗೆ ಡೆನ್ಮಾರ್ಕಿನ ಪಿ.ವಿ. ಗ್ಲೋಬ್ ಬರೆದ ಪುಸ್ತಕದಿಂದ ಅವರಿಗೆ ಒಂದು ದಾರಿ ಸಿಕ್ಕಿತು. ‘ಪನಿಶ್‌ಮೆಂಟ್’ ಕವಿತೆ ಜರ್ಮನಿಯ ವಿಂಡೆಬಿಯಲ್ಲಿ ಸಿಕ್ಕ ಒಂದು ದೇಹವನ್ನು ವ್ಯಭಿಚಾರಕ್ಕಾಗಿ ಕೊಲ್ಲಲ್ಪಟ್ಟ ಹುಡುಗಿ ಎಂದೇ ಮಾತಾಡಿಸುತ್ತದೆ. ಕೊನೆಗೆ, ಬ್ರಿಟಿಷ್ ಸೈನಿಕರ ಜೊತೆ ಓಡಾಡಿದರೆಂದು ತಲೆ ಬೋಳಿಸಿ ಡಾಂಬರು ಸುರಿಸಿಕೊಂಡ, ಕವಿಯ ಕಾಲದ ಹುಡುಗಿಯರ ಹತ್ತಿರ ಬಂದು, ತಾನೂ ಸುಮ್ಮನೆ ನಿಂತು ನೋಡಿದವನು ಎಂದು ಒಪ್ಪಿಕೊಳ್ಳುತ್ತದೆ. ಚಿಕ್ಕ ಚಿಕ್ಕ ಸಾಲುಗಳು, ನಾಲ್ಕು ಸಾಲಿನ ಪದ್ಯಗಳು, ಕಣ್ಣು ಕೆಳಕೆಳಗೆ ಅಗೆದುಕೊಂಡು ಹೋಗುವಂತೆ. ಸಂಕಲನ ಬಂದ ವರ್ಷವೇ ಇನ್ನೊಬ್ಬ ಬೆಲ್‌ಫಾಸ್ಟ್ ಕವಿ ಕಿಯರನ್ ಕಾರ್ಸನ್ ವಿಮರ್ಶೆ ಬರೆದು, ಹೀನಿ ಕೊಲೆಗೆ ಪುರಾಣದ ಬಣ್ಣ ಹಚ್ಚುತ್ತಿದ್ದಾರೆ ಎಂದು ಆಕ್ಷೇಪಿಸಿದರು. ಆ ಆಕ್ಷೇಪ ಬಿಟ್ಟು ‘ನಾರ್ತ್’ ಬಗ್ಗೆ ಬರೆಯಬೇಡ. ಇನ್ನೊಂದು ಮಾತು: ವಿಂಡೆಬಿಯ ದೇಹ ಹುಡುಗಿಯದಲ್ಲ, ಹದಿಹರೆಯದ ಹುಡುಗನದು ಎಂದು ಈಚಿನ ಪರೀಕ್ಷೆಗಳು ತೋರಿಸಿವೆ. ನನ್ನ ಮಟ್ಟಿಗೆ ಇದರಿಂದ ಕವಿತೆ ಬೀಳುವುದಿಲ್ಲ. ನೋಡುವವನು ತನಗೆ ಬೇಕಾದದ್ದನ್ನು ಆ ದೇಹದ ಮೇಲೆ ಹೊರಿಸಿದ ಅನ್ನುವುದು ಕವಿತೆಯೊಳಗೇ ಇರುವ ಅನುಮಾನ. ನೀನು ಒಪ್ಪಬೇಕಾಗಿಲ್ಲ, ಆದರೆ ಪ್ರಸ್ತಾಪಿಸು.

ಕಾರ್ಸನ್ ಸ್ವತಃ ಏನು ಮಾಡಿದರು ಗೊತ್ತೇ? ‘ಬೆಲ್‌ಫಾಸ್ಟ್ ಕಾನ್‌ಫೆಟಿ’ ಓದು. ಗಲಭೆಯಲ್ಲಿ ಎಸೆಯುವ ಬೋಲ್ಟು, ನಟ್ಟು, ಮೊಳೆಗಳಿಗೆ ಅಲ್ಲಿನ ಆಡುಮಾತಿನ ಹೆಸರು ಅದು. ಕವಿತೆಯಲ್ಲಿ ಆ ಚೂರುಗಳ ಜೊತೆಗೆ ಆಶ್ಚರ್ಯಸೂಚಕಗಳೂ ಮಳೆಯಂತೆ ಸುರಿಯುತ್ತವೆ. ಸ್ಫೋಟವೇ ಒಂದು ನಕ್ಷತ್ರಚಿಹ್ನೆ, ಗುಂಡಿನ ಸದ್ದು ಒಂದು ಅಡ್ಡಗೆರೆ. ಒಂದು ವಾಕ್ಯ ಮುಗಿಸಲು ಹೊರಟವನಿಗೆ ಎಲ್ಲ ಗಲ್ಲಿಗಳೂ ಪೂರ್ಣವಿರಾಮ, ಕೋಲನ್ (:) ಚಿಹ್ನೆಗಳಿಂದ ಮುಚ್ಚಿವೆ. ಅವನು ಸಿಕ್ಕಿಹಾಕಿಕೊಂಡ ಬೀದಿಗಳು ಬಾಲಕ್ಲಾವಾ, ರಾಗ್ಲನ್, ಇಂಕರ್‌ಮನ್, ಒಡೆಸ್ಸಾ. ನಾಲ್ಕೂ 1850ರ ದಶಕದ ಕ್ರಿಮಿಯನ್ ಯುದ್ಧಕ್ಕೆ ಸೇರಿದ ಹೆಸರುಗಳು. ರಾಗ್ಲನ್ ಬ್ರಿಟಿಷ್ ಸೇನಾಪತಿ, ಉಳಿದವು ಜಾಗಗಳು. ತನ್ನೂರಿನ ಬೀದಿಯಲ್ಲಿ ದಾರಿ ತಪ್ಪಿದವನು ಸಾಮ್ರಾಜ್ಯದ ಯುದ್ಧದ ನಕಾಶೆಯಲ್ಲಿ ದಾರಿ ತಪ್ಪಿದ್ದಾನೆ. ಕವಿತೆ ಇದನ್ನು ವಿವರಿಸುವುದಿಲ್ಲ, ಹೆಸರು ಹೇಳಿ ಸುಮ್ಮನಾಗುತ್ತದೆ. ಅದಕ್ಕೇ ಹೇಳುವುದು, ಕವಿತೆಯಲ್ಲಿ ಊರು, ಬೀದಿ, ನದಿಯ ಹೆಸರು ಬಂದಾಗಲೆಲ್ಲ ಸುತ್ತು ಹಾಕಿ, ನಕ್ಷೆ ತೆಗೆದು ನೋಡು.

ಡಬ್ಲಿನ್ನಿನ ಈವನ್ ಬೋಲಂಡ್ (1944–2020) ನಿನ್ನ ಪಟ್ಟಿಯಲ್ಲಿ ಹದಿಮೂರನೆಯವರು. ಮೇಲೆ ತಾ. ಐರಿಶ್ ಕಾವ್ಯದಲ್ಲಿ ಹೆಣ್ಣು ದೇಶದ ಲಾಂಛನವಾಗಿದ್ದಳೇ ಹೊರತು ಬದುಕುವ ಮನುಷ್ಯಳಾಗಿರಲಿಲ್ಲ ಎಂಬುದು ಅವರ ಜೀವಮಾನದ ತಕರಾರು. ‘ಕ್ವಾರಂಟೈನ್’ ಇಪ್ಪತ್ತು ಸಾಲಿನ ಕವಿತೆ. ಐರ್ಲೆಂಡಿನ 1847ರ ಕ್ಷಾಮದ ಚಳಿಗಾಲದಲ್ಲಿ ಗಂಜಿಕೇಂದ್ರದಂಥ ವರ್ಕ್‌ಹೌಸ್ ಬಿಟ್ಟು ಗಂಡ ಹೆಂಡತಿ ನಡೆದು ಹೊರಡುತ್ತಾರೆ. ಜ್ವರದ ಹೆಂಡತಿಯನ್ನು ಅವನು ಬೆನ್ನ ಮೇಲೆ ಹೊತ್ತಿದ್ದಾನೆ. ಬೆಳಗ್ಗೆ ಇಬ್ಬರೂ ಹೆಣ, ಅವಳ ಪಾದಗಳು ಅವನ ಎದೆಗೆ ಒತ್ತಿಕೊಂಡಿವೆ. ಇಲ್ಲಿ ನೋಡಬೇಕಾದದ್ದು ವಾಕ್ಯದ ಉದ್ದ. ಪಂಚನಾಮೆಯಂತೆ ಮೊಟಕು ವಾಕ್ಯಗಳು, ಸಾಲಿನ ನಡುವೆಯೇ ಪೂರ್ಣವಿರಾಮ. ಕಣ್ಣೀರು ಹಾಕಿಸುವ ವಿಶೇಷಣ ಒಂದೂ ಇಲ್ಲ. ಪ್ರೇಮಕವಿತೆಗಳ ಬಗ್ಗೆ ಸಿಟ್ಟಿನಿಂದ ಬರೆದ ಪ್ರೇಮಕವಿತೆ ಅದು.

ನೂಲಾ ನೀ ಗೋನಲ್ ಐರಿಶ್ ಭಾಷೆಯಲ್ಲಿ ಮಾತ್ರ ಕವಿತೆ ಬರೆಯುತ್ತಾರೆ. ಇಂಗ್ಲಿಷಿಗೆ ತಂದವರು ಮಲ್ಡೂನ್ ಮುಂತಾದ ಬೇರೆ ಕವಿಗಳು. ಅಡಿಟಿಪ್ಪಣಿಯಲ್ಲಿ ಅನುವಾದಕರ ಹೆಸರು ಇರಲೇಬೇಕು. ಮಲ್ಡೂನ್ ಮಾಡಿದ ಶ್ಲೇಷೆಯನ್ನು ಆಕೆಯದೆಂದು ಹೊಗಳುವುದು ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ಅನಾಹುತ.

ಇನ್ನು ಬ್ರಿಟನ್. ಇಂಗ್ಲಿಷ್ ಕವಿಗಳಾದ ಲಾರ್ಕಿನ್ ಮತ್ತು ಟೆಡ್ ಹ್ಯೂಸ್ ಹಿನ್ನೆಲೆಗೆ ಇರಲಿ, ಅವರ ಬಗ್ಗೆ ಬರೆದದ್ದು ಈಗಾಗಲೇ ಬೆಟ್ಟದಷ್ಟಿದೆ. ಕ್ಯಾರಲ್ ಆನ್ ಡಫಿ, 2009ರಿಂದ 2019ರವರೆಗೆ ಬ್ರಿಟನ್ನಿನ ಆಸ್ಥಾನಕವಿ, ಆ ಸ್ಥಾನಕ್ಕೆ ಬಂದ ಮೊದಲ ಹೆಣ್ಣು. ಅವರ ಕಸುಬಿನ ಮುಖ್ಯ ಅಸ್ತ್ರ ನಾಟಕೀಯ ಸ್ವಗತ: ಮುಟ್ಟಿದ್ದೆಲ್ಲ ಚಿನ್ನವಾಗುವ ಮೈಡಾಸನ ಹೆಂಡತಿ, ಒಡತಿಯ ಮುತ್ತಿನ ಸರವನ್ನು ತನ್ನ ಮೈಮೇಲೆ ಬೆಚ್ಚಗೆ ಮಾಡಿಕೊಡುವ ದಾಸಿ. ‘ನಾನು’ ಅಂದದ್ದೆಲ್ಲ ಡಫಿಯಲ್ಲ. ನಿನ್ನ ಕರಡಿನಲ್ಲಿ ‘ಕವಿ ಹೇಳುತ್ತಾರೆ’ ಎಂದಿರುವ ಕಡೆಯೆಲ್ಲ ‘ಮಾತಾಡುವವಳು’ ಎಂದು ಹಾಕಿ ನೋಡು. ಅರ್ಧ ವಾದ ತಾನಾಗಿ ಬದಲಾಗುತ್ತದೆ.

ಅವರ ‘ಪ್ರೇಯರ್’ ಎಂಬ ಸಾನೆಟ್ ನಾಲ್ಕು ಹೆಸರುಗಳೊಂದಿಗೆ ಮುಗಿಯುತ್ತದೆ: ರಾಕಾಲ್, ಮ್ಯಾಲಿನ್, ಡಾಗರ್, ಫಿನಿಸ್ಟರ್. ನಮ್ಮವರು ಇಲ್ಲಿ ತಬ್ಬಿಬ್ಬಾಗಿ ‘ಅರ್ಥರಹಿತ ಪದಗಳ ಮಂತ್ರ’ ಎಂದು ಬರೆಯುತ್ತಾರೆ. ಅವು ಬಿಬಿಸಿ ರೇಡಿಯೊ 4ರಲ್ಲಿ ನಾವಿಕರಿಗಾಗಿ ಓದುವ ಸಮುದ್ರ ಹವಾಮಾನ ವರದಿಯ ವಲಯಗಳು. ಕಡಲಿಗೆ ಇಳಿಯದವರೂ ದಶಕಗಳಿಂದ ಮಧ್ಯರಾತ್ರಿಯ ಹೊತ್ತು ಕೇಳುತ್ತಾ ಮಲಗುವ ಪಟ್ಟಿ ಅದು. ದೇವರನ್ನು ಕೇಳಿಕೊಳ್ಳಲಾಗದವರಿಗೆ ಆ ಪಟ್ಟಿಯೇ ಪ್ರಾರ್ಥನೆಯ ಜಾಗದಲ್ಲಿ ಬಂದು ಕೂರುತ್ತದೆ. 2002ರಲ್ಲಿ ಫಿನಿಸ್ಟರ್ ವಲಯದ ಹೆಸರನ್ನು ಫಿಟ್ಜ್‌ರಾಯ್ ಎಂದು ಬದಲಿಸಿದರು, ಹಾಗಾಗಿ ಕವಿತೆಯ ಕೊನೆಯ ಹೆಸರು ಈಗ ರೇಡಿಯೊದಲ್ಲಿ ಕೇಳಿಸುವುದೇ ಇಲ್ಲ.

ಟೋನಿ ಹ್ಯಾರಿಸನ್ ಲೀಡ್ಸಿನ ಕೂಲಿಕಾರರ ಮನೆಯ ಮಗ. ಅಪ್ಪ ಅಮ್ಮನ ಮೇಲಿನ ಅವರ ಸಾನೆಟ್‌ಗಳಿಗೆ ಹದಿನಾರು ಸಾಲು. ಎಣಿಸಿ ‘ದೋಷವುಳ್ಳ ಸಾನೆಟ್’ ಅಂದುಬಿಡಬೇಡ. 1862ರಲ್ಲೇ ಜಾರ್ಜ್ ಮೆರೆಡಿತ್ ಹದಿನಾರು ಸಾಲಿನಲ್ಲಿ ಮುರಿದ ದಾಂಪತ್ಯದ ಕಥೆ ಬರೆದಿದ್ದರು, ಹ್ಯಾರಿಸನ್ ಹಿಡಿದದ್ದು ಆ ದಾರಿ. ಆಲಿಸ್ ಆಸ್ವಾಲ್ಡ್ ಅವರ 2002ರ ‘ಡಾರ್ಟ್’ ಡೆವನ್ನಿನ ಒಂದು ನದಿಯ ಉದ್ದಕ್ಕೂ ಹರಿಯುವ ಒಂದೇ ಕವಿತೆ. ಎರಡು ವರ್ಷ ಆ ನದಿಯ ಮೇಲೆ ಬದುಕುವವರ ಮಾತನ್ನು ಧ್ವನಿಮುದ್ರಿಸಿಕೊಂಡು ಕಟ್ಟಿದ್ದು. ಅಂಚಿನಲ್ಲಿ ಸಣ್ಣಕ್ಷರದ ಟಿಪ್ಪಣಿಗಳು ಯಾರ ದನಿ ಎಂದು ಹೇಳುತ್ತವೆ.

ಇಲ್ಲಿ ಒಂದು ಪ್ರಾಯೋಗಿಕ ಮಾತು. ಇಂಥ ಕವಿತೆಗಳನ್ನು ಇಂಟರ್‌ನೆಟ್ಟಿನಿಂದ ಕಾಪಿ ಮಾಡಿಕೊಂಡು ಓದಬೇಡ. ಅಂಚಿನ ಟಿಪ್ಪಣಿ ಹಾರಿಹೋಗುತ್ತದೆ, ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜ್ಯಾಕಿ ಕೇ ಅವರ 1991ರ ‘ದಿ ಅಡಾಪ್ಷನ್ ಪೇಪರ್ಸ್’ನಲ್ಲಿ ಮಗಳು, ಸಾಕುತಾಯಿ, ಹೆತ್ತತಾಯಿ ಮೂವರ ಮಾತು ಮೂರು ಬಗೆಯ ಅಚ್ಚಿನಲ್ಲಿದೆ. ಕಾಪಿ ಮಾಡಿದರೆ ಮೂವರೂ ಒಬ್ಬರಾಗಿಬಿಡುತ್ತಾರೆ. ದಲ್ಜಿತ್ ನಾಗ್ರಾ ಅವರ ಡೋವರ್ ಕವಿತೆಯಲ್ಲಿ ಪ್ರತಿ ಪದ್ಯದ ಸಾಲುಗಳು ಅಲೆಯಂತೆ ಉದ್ದವಾಗುತ್ತಾ ಹೋಗುತ್ತವೆ; ಮೊಬೈಲ್ ಪರದೆಯಲ್ಲಿ ಆ ಉದ್ದ ಸಾಲುಗಳು ಮುರಿದು ಬಿದ್ದು ಆಕಾರವೇ ಕೆಡುತ್ತದೆ. ಅಂದಹಾಗೆ, ಅಲ್ಲಿನ ಪಂಜಾಬಿ ಬೆರೆತ ಇಂಗ್ಲಿಷನ್ನು ‘ವ್ಯಾಕರಣ ದೋಷ’ ಎಂದು ಗುರುತಿಸಬೇಡ. ಡೋವರ್ ಕಡಲ ಮೇಲೆ ಹಿಂದಿನ ಇಂಗ್ಲಿಷ್ ಕವಿ ಮ್ಯಾಥ್ಯೂ ಆರ್ನಾಲ್ಡ್ ಬರೆದದ್ದನ್ನು ಕವಿತೆಯ ಶೀರ್ಷಿಕೆಯ ಕೆಳಗೇ ಉದ್ಧರಿಸಿ, ಬೇಕೆಂದೇ ಆಡಿದ ಭಾಷೆ ಅದು.

ಜಮೈಕಾದ ಆಡುಮಾತಿನ ಇಂಗ್ಲಿಷಿನಲ್ಲಿ ಬರೆಯುವ ಲಿಂಟನ್ ಕ್ವೇಸಿ ಜಾನ್ಸನ್ ಅವರನ್ನಂತೂ ಪುಟದಲ್ಲಿ ಓದುವ ಮೊದಲು ಧ್ವನಿಮುದ್ರಿಕೆಯಲ್ಲಿ ಕೇಳಲೇಬೇಕು, ಇಲ್ಲದಿದ್ದರೆ ಕಾಗುಣಿತವೇ ಅಡ್ಡ ಬರುತ್ತದೆ. ‘ಸನೀಸ್ ಲೆಟಾ’ ಜೈಲಿನಿಂದ ತಾಯಿಗೆ ಮಗ ಬರೆದ ಕಾಗದ. ಅದರ ಹಿಂದಿರುವುದು ‘ಸಸ್’ ಕಾನೂನು: 1824ರ ಅಲೆಮಾರಿ ಕಾಯಿದೆಯ ಒಂದು ಕಲಮಿನ ಆಸರೆಯಲ್ಲಿ, ಬರೀ ಅನುಮಾನದ ಮೇಲೆ ಪೊಲೀಸರು ಕರಿಯ ಹುಡುಗರನ್ನು ಹಿಡಿಯುತ್ತಿದ್ದರು. 1981ರಲ್ಲಿ ಅದು ರದ್ದಾಯಿತು.

ಹೊಸಬರಲ್ಲಿ ಒಬ್ಬರನ್ನು ಆರಿಸು ಎಂದರೆ ನಾನು ರೇಮಂಡ್ ಆಂಟ್ರೊಬಸ್ ಅನ್ನುತ್ತೇನೆ. 1986ರಲ್ಲಿ ಹುಟ್ಟಿದವರು, ಕಿವಿ ಕೇಳಿಸದವರು, ತಂದೆ ಜಮೈಕಾದವರು. ಟೆಡ್ ಹ್ಯೂಸ್ ಹಿಂದೆ ಕಿವುಡು ಮಕ್ಕಳ ಶಾಲೆಯ ಬಗ್ಗೆ ಬರೆದ ಕವಿತೆಯನ್ನು ಆಂಟ್ರೊಬಸ್ 2018ರ ‘ದಿ ಪರ್ಸಿವಿಯರೆನ್ಸ್’ನಲ್ಲಿ ಇಡಿಯಾಗಿ ಅಚ್ಚು ಮಾಡಿ, ಪ್ರತಿ ಸಾಲಿನ ಮೇಲೂ ಕಪ್ಪು ಪಟ್ಟಿ ಎಳೆದಿದ್ದಾರೆ. ಓದಲು ಒಂದು ಪದವೂ ಸಿಗುವುದಿಲ್ಲ. ಆ ಸಂಕಲನಕ್ಕೆ ಬಂದ ಪ್ರಶಸ್ತಿಗಳಲ್ಲಿ ಒಂದರ ಹೆಸರು ಟೆಡ್ ಹ್ಯೂಸ್ ಪ್ರಶಸ್ತಿ!

ಹಾಗಾದರೆ ಯಾವ ಮೂವರು? ಲಾಂಗ್ಲಿ, ಬೋಲಂಡ್, ಆಂಟ್ರೊಬಸ್. ಮೂವರೂ ಹಳೆಯ ಪಠ್ಯವೊಂದನ್ನೋ ಪದ್ಧತಿಯನ್ನೋ ಕೈಗೆತ್ತಿಕೊಂಡು ಏನನ್ನೋ ಜಾಗ ಬದಲಿಸುತ್ತಾರೆ, ನಿರಾಕರಿಸುತ್ತಾರೆ ಅಥವಾ ಅಳಿಸುತ್ತಾರೆ. ಪ್ರಬಂಧಕ್ಕೆ ಬೇಕಾದ ಒಂದು ಎಳೆ ಅಲ್ಲಿದೆ. ನಿನ್ನ ಮಾರ್ಗದರ್ಶಕರು ಹೀನಿಯೇ ಬೇಕೆಂದು ಹಠ ಹಿಡಿದರೆ ಲಾಂಗ್ಲಿಯ ಜಾಗಕ್ಕೆ ‘ನಾರ್ತ್’ ತಂದರೂ ಎಳೆ ಕಡಿಯುವುದಿಲ್ಲ. ಪ್ರತಿ ಕವಿತೆಗೆ ಒಂದು ವಾರ ಇಟ್ಟುಕೋ: ಮೊದಲ ಮೂರು ದಿನ ಕೇಳುವುದು, ಬರೆದುಕೊಳ್ಳುವುದು, ಗುರುತು ಹಾಕುವುದು, ನಾಲ್ಕನೆಯ ದಿನ ಹೆಸರು, ತಾರೀಖು ಹುಡುಕುವುದು, ಆಮೇಲೆ ನಿನ್ನದೇ ಎರಡು ಪುಟ. ವಿಮರ್ಶೆಯ ಪುಸ್ತಕ ತೆರೆಯುವುದು ಏಳನೆಯ ದಿನ, ಅದಕ್ಕಿಂತ ಮೊದಲು ಬೇಡ. ಮೊದಲೇ ತೆರೆದರೆ ಅವರ ಕಣ್ಣಿಗೆ ಕಂಡದ್ದೇ ನಿನಗೂ ಕಾಣುತ್ತದೆ.

ಬೇರೆ ಕವಿಗಳ ರುಚಿ ನೋಡಬೇಕೆನಿಸಿದರೆ 1992ರಿಂದ ವರ್ಷಕ್ಕೊಂದರಂತೆ ಬರುವ ಫಾರ್ವರ್ಡ್ ಪ್ರಶಸ್ತಿಯ ಸಂಕಲನ ತರಿಸಿಕೋ. ಪ್ರಶಸ್ತಿ ಬಂದದ್ದಕ್ಕಿಂತ, ಪ್ರಶಸ್ತಿ ಬರದೆ ಸಂಕಲನದಲ್ಲಿ ಉಳಿದ ಕವಿತೆಗಳೇ ಎಷ್ಟೋ ಸಲ ಚೆನ್ನಾಗಿರುತ್ತವೆ.

‘ಸೀಸ್‌ಫೈರ್’ ಮೇಲೆ ಎರಡು ಪುಟ ಬರೆದು ಈ ತಿಂಗಳ ಒಳಗೆ ಕಳಿಸು. ಪಿಡಿಎಫ್ ಬೇಡ, ವರ್ಡ್ ಫೈಲ್ ಇರಲಿ, ಪಕ್ಕದಲ್ಲಿ ಗುರುತು ಹಾಕಲು ನನಗೆ ಸುಲಭ. ಅಮ್ಮನಿಗೆ ನಾನು ಕೇಳಿದೆ ಎಂದು ಹೇಳು.

ಇಂತಿ,
ನಿನ್ನ ದೊಡ್ಡಮ್ಮ